ಕಂಬಿ ದಾರಿಯ ಕಿಟಕಿ

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ಈ ಕಥೆ ಹೇಳುವುದಕ್ಕೆ ನನಗಿಂತ ತಕ್ಕವರು ನಮ್ಮ ಊರಿನಲ್ಲಿ ಮನೆಗೊಬ್ಬರಂತೆ ಇದ್ದಾರೆ. ಅವರೆಲ್ಲ ಕಣ್ಣಾರೆ ಕಂಡವರು. ನಾನು ಕಂಡವಳಲ್ಲ. ನಾನು ಈ ಊರಿಗೆ ಸೊಸೆಯಾಗಿ ಬರುವ ಹೊತ್ತಿಗೆ ರೈಲು ನಿಂತುಹೋಗಿತ್ತು, ಕಂಬಿಗಳನ್ನು ಕಿತ್ತು ಲಾರಿಗೆ ಹೇರಿ ಸಾಗಿಸಿಯೂ ಆಗಿತ್ತು. ಯಾರನ್ನೂ ಆ ರೈಲಿಗೆ ಹತ್ತಿಸಿ ಕಳಿಸಿದವಳಲ್ಲವಾದ್ದರಿಂದ ಕಂಬಿ ದಾರಿಯಲ್ಲಿ ಎಷ್ಟು ಸೈಕಲ್ ತುಳಿದರೂ ನನಗೆ ಹೊಂಗೆ ಮರಗಳು ಮಾತ್ರ ಕಾಣುತ್ತವೆ. ಸಂಜೆ ಕಾಲೇಜಿನಲ್ಲಿ ಓದುವಾಗ ನಮ್ಮ ಕನ್ನಡ ಮೇಷ್ಟ್ರು, ಕಾಣದ್ದನ್ನು ಕಂಡ ಹಾಗೆ ಬರೆಯಬೇಡಿ ಎನ್ನುತ್ತಿದ್ದರು. ಆ ಮಾತು ಮೀರದೆ, ಕಂಡಷ್ಟನ್ನು, ಕೇಳಿಸಿಕೊಂಡಷ್ಟನ್ನು ಬರೆಯಲು ನೋಡುತ್ತೇನೆ. ಎಲ್ಲಾದರೂ ಜಾರಿದರೆ ಹೊಂಬಾಳಮ್ಮನವರು ನನ್ನನ್ನು ಮನ್ನಿಸಬೇಕು.

ಹಳೆಯ ಸ್ಟೇಷನ್ನಿನಿಂದ ನಾಲೆಯ ಸೇತುವೆಯವರೆಗೆ ರೈಲು ಹೋಗುತ್ತಿದ್ದ ಜಾಗದಲ್ಲಿ ಈಗ ಟಾರು ಹಾಕಿದ ದಾರಿಯಿದೆ. ನಡೆಯುವವರಿಗೆ ಒಂದು ಪಕ್ಕ, ಸೈಕಲ್ಲಿನವರಿಗೆ ಇನ್ನೊಂದು ಪಕ್ಕ, ನಡುವೆ ಹಳದಿ ಗೆರೆ. ಪುರಸಭೆಯವರು ಅದಕ್ಕೆ ಉದ್ದದ ಹೆಸರಿಟ್ಟು ಹಸಿರು ಬೋರ್ಡು ನೆಟ್ಟಿದ್ದಾರೆ. ಆ ಹೆಸರು ಯಾರ ಬಾಯಲ್ಲೂ ನಿಂತಿಲ್ಲ, ಜನ ಕಂಬಿ ದಾರಿ ಎಂದೇ ಅನ್ನುತ್ತಾರೆ. ಅದು ಊರಿನ ಬೆನ್ನ ಮೇಲೆ ಹೋಗುವ ದಾರಿ. ಮನೆಗಳ ಮುಂಬಾಗಿಲು ಕಾಣುವುದಿಲ್ಲ. ಹಿತ್ತಲು, ಬಟ್ಟೆ ಒಣಹಾಕಿದ ತಂತಿ, ಪಾತ್ರೆ ತೊಳೆಯುವ ಕಲ್ಲು, ಸ್ಕೂಲಿನ ಕಾಂಪೌಂಡು, ಅಕ್ಕಿ ಗಿರಣಿಯ ಹಿಂಗೋಡೆ ಇವೇ ಕಾಣುವುದು. ಟಿಕೆಟ್ ಕೊಡುತ್ತಿದ್ದ ಕೋಣೆಯಲ್ಲಿ ನಮ್ಮ ಯಜಮಾನರು ಬಾಡಿಗೆ ಸೈಕಲ್ ಅಂಗಡಿ ಇಟ್ಟಿದ್ದಾರೆ. ಪಂಕ್ಚರ್, ಬ್ರೇಕು, ಚೈನು ಅವರ ಕೆಲಸ. ಸೈಕಲ್ ಬಾರದ ಹೆಂಗಸರಿಗೆ ಕಲಿಸುವುದು ನನ್ನ ಕೆಲಸ. ಬೇರೆ ಊರಿನಲ್ಲಿ ಇದೊಂದು ಕೆಲಸವೇ ಎಂದು ನಕ್ಕಾರು. ನಮ್ಮಲ್ಲಿ ಐವತ್ತು ಅರವತ್ತು ದಾಟಿದ ಹೆಂಗಸರು ಸೆರಗು ಬಿಗಿದು ಬಂದು ನಿಲ್ಲುತ್ತಾರೆ.

ಯಾಕೆಂದರೆ ಮನೆಗಳು ಕಂಬಿಗೆ ಅಂಟಿಕೊಂಡಿದ್ದರಿಂದ ಊರು ದಾಟುವ ತನಕ ಆ ರೈಲು ಸೈಕಲ್ಲಿನಷ್ಟೇ ನಿಧಾನವಾಗಿ ಹೋಗುತ್ತಿತ್ತು. ಈಗಲೂ ಸ್ಟೇಷನ್ನಿನಿಂದ ಹೊರಟು ಅದೇ ವೇಗದಲ್ಲಿ ತುಳಿದರೆ ಪಕ್ಕದಲ್ಲಿ ಆ ಹಳೆಯ ರೈಲಿನ ಡಬ್ಬಿ ಬರುತ್ತದೆ. ನಾವು ಯಾರನ್ನು ಹತ್ತಿಸಿ ಕಳಿಸಿದ್ದೆವೋ ಅವರ ಕಿಟಕಿ ನಮ್ಮ ಹೆಗಲಿಗೆ ಸಮನಾಗಿ ಬಂದು, ನಾವು ವೇಗ ತಪ್ಪದಿದ್ದರೆ ನಾಲೆಯ ಸೇತುವೆಯವರೆಗೂ ಜೊತೆಗೇ ಸಾಗುತ್ತದೆ. ಒಳಗಿರುವವರು ಅಂದು ಹೇಗಿದ್ದರೋ ಹಾಗೇ ಇರುತ್ತಾರೆ. ನಮ್ಮ ಮಾತು ಅವರಿಗೆ ಕೇಳಿಸದು, ಅವರ ಮಾತು ನಮಗೆ ಕೇಳಿಸದು. ತುಸು ಜೋರಾಗಿ ತುಳಿದರೂ ಹೋಯಿತು, ನಿಧಾನ ಮಾಡಿದರೂ ಹೋಯಿತು. ನಡೆದುಕೊಂಡು ಹೋಗುವವರಿಗೆ ಏನೂ ಇಲ್ಲ. ಕ್ಯಾರಿಯರ್ ಮೇಲೆ ಕೂತು ಹೋದವರಿಗೂ ಇಲ್ಲ. ತಾನೇ ತುಳಿಯಬೇಕು.

ಊರಿನವರು ಇದಕ್ಕೆ ಹೊಂದಿಕೊಂಡಿದ್ದಾರೆ. ಸಂಜೆ ಎದುರು ಸಿಕ್ಕರೆ ಊಟ ಆಯ್ತಾ ಎಂದು ಕೇಳುವ ಬದಲು "ಕಿಟಕಿ ಸಿಕ್ತಾ?" ಅನ್ನುತ್ತಾರೆ. ಕಿಟಕಿ ಸಿಕ್ಕವರು ಪಕ್ಕಕ್ಕೆ ನೋಡುತ್ತ ತುಳಿಯುವುದರಿಂದ ನಡೆಯುವವರೇ ಸರಿದು ದಾರಿ ಬಿಡುತ್ತಾರೆ, ಅಂಥವರ ಹಿಂದೆ ಯಾರೂ ಬೆಲ್ ಹೊಡೆಯುವುದಿಲ್ಲ. ಎಮ್ಮೆ ತರುತ್ತೇನೆಂದು ಹೋಗಿ ತಿರುಗಿ ಬಾರದ ಗಂಡನನ್ನು ದಿನವೂ ಸೇತುವೆಯವರೆಗೆ ಬೈದುಕೊಂಡು ಹೋಗಿ, ಬರುವಾಗ ಹಗುರಾಗಿ ಸೊಪ್ಪು ಕೊಂಡು ಮನೆಗೆ ಹೋಗುವ ಹೆಂಗಸೊಬ್ಬರಿದ್ದಾರೆ. ಸ್ಕೂಲಿನ ಮಕ್ಕಳು ಆಕೆಯ ಬೈಗುಳಗಳನ್ನು ಬಾಯಿಪಾಠ ಮಾಡಿದ್ದಾರೆ. ಟೈಲರೊಬ್ಬರು ತಿಂಗಳಿಗೊಮ್ಮೆ ಇಸ್ತ್ರಿ ಶರ್ಟು ತೊಟ್ಟು ಬಂದು, ಯಾರದೋ ಮದುವೆಯ ದಿಬ್ಬಣ ಹೋದ ಡಬ್ಬಿಯ ಜೊತೆ ಹೋಗುತ್ತಾರೆ. ಅವರ ಹೆಂಡತಿಯೇ ಶರ್ಟಿನ ಗುಂಡಿ ಹಾಕಿ ಕಳಿಸುತ್ತಾರಂತೆ. ಇದು ನಾನು ಕೇಳಿದ್ದು ಮಾತ್ರ.

ಇನ್ನೊಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಮದುವೆಯಾದ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಈ ಊರಿನ ತಾಯಂದಿರು ಮಡಿಲು ತುಂಬಿ, ಡಬ್ಬಿಯೊಳಗೆ ಕೂರಿಸಿ, ರೈಲು ಅಲುಗುವ ಮೊದಲೇ ಬೆನ್ನು ತಿರುಗಿಸಿ ನಿಲ್ಲಬೇಕಿತ್ತು. ರೈಲಿನ ಹಿಂದೆ ತಾಯಿಯ ಕಣ್ಣು ಹೋದರೆ ಅದು ಮಗಳನ್ನು ತವರಿಗೇ ಎಳೆದು ತರುತ್ತದೆ, ಅವಳ ಸಂಸಾರ ನಿಲ್ಲುವುದಿಲ್ಲ ಎಂಬ ನಂಬಿಕೆ. ಅತ್ತೆ, ಚಿಕ್ಕಮ್ಮ, ಗೆಳತಿಯರು ನೋಡಬಹುದು, ಕೈ ಬೀಸಬಹುದು. ತಾಯಿ ಮಾತ್ರ ನೋಡಬಾರದು. ಹೀಗಾಗಿ ಕಂಬಿ ದಾರಿಯಲ್ಲಿ ತಾಯಂದಿರ ಪಾಡೇ ಬೇರೆ. ಕಿಟಕಿ ಸಿಗುತ್ತದೆ. ಆದರೆ ಮಗಳು ಸರಳಿಗೆ ಮುಖ ಒತ್ತಿ ಹಿಂದಕ್ಕೆ, ಸ್ಟೇಷನ್ನಿನ ಕಡೆಗೆ, ತಾಯಿಯ ಬೆನ್ನನ್ನೇ ನೋಡುತ್ತಿರುತ್ತಾಳೆ. ಗಾಳಿಗೆಂದು ತಲೆಯ ಮೇಲೆ ಹೊದ್ದ ಸೆರಗು ಕೆನ್ನೆಯನ್ನೂ ಮುಚ್ಚಿರುತ್ತದೆ. ಪಕ್ಕದಲ್ಲಿ ತುಳಿಯುವ ತಾಯಿಗೆ ಕಾಣುವುದು ಸೆರಗು, ಅದರಿಂದ ಹೊರಗೆ ಇಳಿದ ಜಡೆ, ಸರಳು ಹಿಡಿದ ಬಳೆಗೈ ಅಷ್ಟೇ. ಮುಖ ಕಾಣಬೇಕಾದರೆ ತುಸು ಹಿಂದೆ ಬೀಳಬೇಕು. ಹಿಂದೆ ಬಿದ್ದರೆ ವೇಗ ತಪ್ಪಿ ಕಿಟಕಿಯೇ ಹೋಗುತ್ತದೆ. ಆದರೂ ಹೋಗುವ ಮುಂಚೆ, ಕಣ್ಣು ಮಿಟುಕಿಸುವಷ್ಟು ಹೊತ್ತು, ಮಗಳ ಮುಖ ನೆಟ್ಟಗೆ ತಾಯಿಯ ಮುಖಕ್ಕೆ ಎದುರಾಗುತ್ತದಂತೆ. ನಮ್ಮ ಹೆಂಗಸರು ಅದನ್ನು 'ಹಿಂದೆ ಬೀಳುವುದು' ಅನ್ನುತ್ತಾರೆ. ಹಿಂದೆ ಬಿದ್ದು ಬಂದವರು ಒಂದೆರಡು ದಿನ ಯಾರ ಜೊತೆಗೂ ಮಾತಾಡುವುದಿಲ್ಲ.

ಹೊಂಬಾಳಮ್ಮ ಮೊದಲೆಲ್ಲ ಈ ದಾರಿಯಲ್ಲಿ ನಡೆಯುವವರ ಪಕ್ಕದಲ್ಲಿದ್ದವರು. ಬೆಳಗ್ಗೆ ಹೂ ಕಟ್ಟಿ ಮಾರಿ, ಸಂಜೆ ಸೇತುವೆಯವರೆಗೆ ನಡೆದುಹೋಗಿ ಬರುವರು. ಯಾರಾದರೂ ಸೈಕಲ್ ಮಾತೆತ್ತಿದರೆ "ಕಣ್ಣೇ ಕಾಣಲ್ಲ, ನಂಗ್ಯಾಕವ್ವ ಅದೆಲ್ಲ" ಎನ್ನುವರು. ಕಣ್ಣಿಗೆ ಪೊರೆ ಬಂದದ್ದು ನಿಜವೇ. ಹೋದ ವರ್ಷ ಕಣ್ಣಿನ ಕ್ಯಾಂಪಿನವರು ಬಂದು ಪೊರೆ ತೆಗೆದರು. ಕಪ್ಪು ಕನ್ನಡಕ ಬಿಚ್ಚಿದ ಮೇಲೆ ಒಂದು ಸಂಜೆ ಅಂಗಡಿಯ ಮುಂದೆ ಬಂದು ನಿಂತರು. ಕಾಲಲ್ಲಿ ಯಾರದೋ ಸ್ಕೂಲ್ ಮಗುವಿನ ಬಿಳಿ ಶೂ.

"ವಿಶಾಲೂ, ಕಣ್ಣು ಬಂದದೆ. ಇನ್ನು ನೆಪ ಇಲ್ಲ. ಕಲಿಸ್ಕೊಡು."

"ದೊಡ್ಡವ್ವ, ಮಂಡಿ ನೋವು ಅಂತಿದ್ರಲ್ಲ."

"ಮಂಡಿಗೆ ಅರಿವೆ ಸುತ್ಕೊಂಡು ಬಂದಿವ್ನಿ. ನೀನು ಸೈಕಲ್ ತೆಗಿ."

ಅವರ ಮಗಳು ಇಂದ್ರಾಣಿಯ ವಿಷಯ ಊರಿಗೆಲ್ಲ ಗೊತ್ತಿತ್ತು. ನನಗೂ ಮೇಲೆ ಮೇಲೆ ಗೊತ್ತಿತ್ತು. ಆದರೆ ಹೊಂಬಾಳಮ್ಮನ ಬಾಯಿಂದ ಕೇಳಿದ್ದು ಅವರಿಗೆ ಸೈಕಲ್ ಕಲಿಸುವಾಗಲೇ. ನಾನು ಸೀಟಿನ ಹಿಂಭಾಗ ಹಿಡಿದು ಓಡುವುದು, ಅವರು ಹ್ಯಾಂಡಲ್ಲನ್ನು ಎಮ್ಮೆಯ ಕೊಂಬಿನಂತೆ ಹಿಡಿದು ತುಳಿಯುವುದು, ನಡುವೆ ಉಸಿರು ಸಿಕ್ಕಾಗಲೆಲ್ಲ ಮಾತು. ಹಾಗೆ ತುಂಡು ತುಂಡಾಗಿ ಬಂದದ್ದನ್ನು ನಾನೇ ಇಲ್ಲಿ ಜೋಡಿಸಿದ್ದೇನೆ.

ಇಂದ್ರಾಣಿಯನ್ನು ದೂರದ ಊರಿಗೆ ಕೊಟ್ಟಿದ್ದರು. ಸಂಬಂಧ ಕುದುರಿಸಿದವರು ಹೊಂಬಾಳಮ್ಮನ ನಾದಿನಿ ದೇವೀರಮ್ಮ. ಮದುವೆಯಾದ ವರ್ಷ ಗೌರಿ ಹಬ್ಬಕ್ಕೆ ಹುಡುಗಿ ತವರಿಗೆ ಬಂದಳು. ಬಾಗಿನ ಕೊಟ್ಟಾಯಿತು, ಗೌರಿ ಬಿಟ್ಟಾಯಿತು. ಹೊರಡುವ ಹಿಂದಿನ ದಿನ ಹೊಂಬಾಳಮ್ಮ ರೊಟ್ಟಿ ತಟ್ಟುತ್ತಿದ್ದಾಗ ಪಕ್ಕದಲ್ಲಿ ಬಂದು ಕೂತು, "ಅವ್ವಾ, ಇನ್ನೆರಡು ದಿವ್ಸ ಇರ್ತೀನಿ" ಎಂದಳು. ಯಾಕೆ ಎಂದು ತಾಯಿ ಕೇಳಲಿಲ್ಲ. ಹಬ್ಬ ಮುಗಿದ ಮೇಲೂ ಮಗಳು ತವರಲ್ಲಿ ಕೂತರೆ ಆಡಿಕೊಳ್ಳುವವರು ಇದ್ದರು. ದೇವೀರಮ್ಮನೂ ಹಾಗೇ ಅಂದರು. ಮರುದಿನ ಜಡೆ ಹೆಣೆದು, ಕನಕಾಂಬರ ಮುಡಿಸಿ, ಮಡಿಲು ತುಂಬಿ ರೈಲಿಗೆ ಹತ್ತಿಸಿದರು. ಹೊಂಬಾಳಮ್ಮ ಬೆನ್ನು ತಿರುಗಿಸಿ ನಿಂತರು. ರೈಲು ಅಲುಗಿದ ಮೇಲೆ "ಅವ್ವಾ" ಎಂದು ಕೂಗಿದ್ದು ಕೇಳಿಸಿತು. ತಿರುಗಬೇಕೆಂದು ಕುತ್ತಿಗೆ ಎಳೆಯಿತು. ದೇವೀರಮ್ಮ ಭುಜ ಹಿಡಿದುಕೊಂಡು, "ತಿರುಗ್ಬ್ಯಾಡ ಅತ್ಗೆ, ನಗ್ತಾ ಹೋಯ್ತಾವ್ಳೆ, ಕೈ ಬೀಸ್ತಾವ್ಳೆ" ಎಂದರು. ಹೊಂಬಾಳಮ್ಮ ತಿರುಗಲಿಲ್ಲ. ಸಂಕ್ರಾಂತಿ ಹತ್ತಿರ ಬಂದಾಗ, ಸ್ಟೌ ಸಿಡಿಯಿತು ಎಂದು ಆ ಊರಿನಿಂದ ಸುದ್ದಿ ಬಂತು. ಇವರು ಹೋಗಿ ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಮುಗಿಸಿದ್ದರು.

"ಅವ್ಳು ಕೂಗಿದ್ದು ಹೋಗ್‌ಬತ್ತೀನಿ ಅಂತ್ಲಾ, ಇಲ್ಲ ನಿಲ್ಸವ್ವಾ ಅಂತ್ಲಾ?" ಹೊಂಬಾಳಮ್ಮ ಒಂದು ಕಾಲು ನೆಲಕ್ಕೂರಿ ನಿಂತು ಕೇಳಿದ್ದರು. "ಅದೊಂದು ಗೊತ್ತಾಗ್ಬೇಕು ನಂಗೆ. ನಗ್ತಿದ್ಲಾ ಇಲ್ವಾ. ಮುಖ ಕಂಡ್ರೆ ತಾಯಿಗೆ ಗೊತ್ತಾಗಲ್ವಾ?"

ನಾನು ಸೀಟು ಹಿಡಿದುಕೊಂಡೇ ನಿಂತಿದ್ದೆ. "ಹ್ಯಾಂಡಲ್ ನೆಟ್ಟಗಿಡಿ ದೊಡ್ಡವ್ವ" ಎಂದೆ. ಬೇರೆ ಯಾರಾದರೂ ಇದಕ್ಕಿಂತ ಒಳ್ಳೆಯ ಮಾತು ಆಡುತ್ತಿದ್ದರೇನೋ.

ಕಲಿಯುವುದು ಸುಲಭವಾಗಲಿಲ್ಲ. ಎರಡು ಸಲ ಲಂಟಾನದ ಪೊದೆಗೆ ನುಗ್ಗಿದರು. ಒಂದು ಸಲ ಸೆರಗು ಚೈನಿಗೆ ಸಿಕ್ಕಿ, ನಮ್ಮ ಯಜಮಾನರು ಕತ್ತರಿ ತಂದು ಬಿಡಿಸಬೇಕಾಯಿತು. ದಿನವೂ ನಡೆಯಲು ಬರುವ ನಿವೃತ್ತ ಕಂಡಕ್ಟರ್ ಮಾಯಿಗಪ್ಪ ಹಳದಿ ಗೆರೆಯ ಆಚೆಯಿಂದ, "ಏನ್ ಹೊಂಬಾಳಕ್ಕ, ಅತ್ಲಾಗೆ ರೇಸಿಗೇ ಹೆಸ್ರು ಕೊಟ್ಬುಡು" ಎಂದು ಕೆಣಕಿದರು.

"ಕೊಟ್ಟಿವ್ನಿ ಕಣಪ್ಪ. ಸೋತೋರು ಮೀಸೆ ಬೋಳಿಸ್ಬೇಕಂತೆ, ನೀನೂ ಬತ್ತೀಯಾ?"

ಮಾಯಿಗಪ್ಪ ಮೀಸೆ ಮುಟ್ಟಿಕೊಂಡು ನಕ್ಕರು. ಮರುದಿನ ಅವರೇ ಮಂಡಿಗೆ ಹಚ್ಚುವ ಎಣ್ಣೆಯ ಸೀಸೆ ತಂದುಕೊಟ್ಟು ಹೋದರು.

ದೇವೀರಮ್ಮ ನನ್ನ ಹತ್ತಿರ ಬಂದದ್ದು ಆ ದಿನಗಳಲ್ಲೇ. ಅತ್ತಿಗೆ ನಾದಿನಿ ಇಬ್ಬರೂ ಗಂಡಂದಿರನ್ನು ಕಳೆದುಕೊಂಡವರು. ಇಂದ್ರಾಣಿ ಹೋದ ಮೇಲೆ ಒಂದೇ ಮನೆಯಲ್ಲಿ, ಒಂದೇ ಒಲೆಯಲ್ಲಿ ಬಾಳುತ್ತಿದ್ದವರು. ಒಬ್ಬರು ಹೂ ಕಟ್ಟಿದರೆ ಇನ್ನೊಬ್ಬರು ನಾರು ಸೀಳಿಕೊಡುವರು. ಊರಿನವರೆಲ್ಲ ಪೇಟೆಗೆ ಕಂಬಿ ದಾರಿ ಹಿಡಿದರೆ ದೇವೀರಮ್ಮ ಮಾತ್ರ ಬಿಸಿಲಲ್ಲಿ ಸುತ್ತಿಕೊಂಡು ದೊಡ್ಡ ರಸ್ತೆಯಲ್ಲಿ ಹೋಗುತ್ತಿದ್ದರು. ಅಂದೂ ಅವರು ಪ್ಲಾಟ್‌ಫಾರಂ ಹತ್ತಲಿಲ್ಲ, ಅಂಗಡಿಯ ಹಿಂದಿನ ಬೀದಿಯಲ್ಲಿ ನಿಂತು ನನ್ನನ್ನು ಕರೆದರು.

"ನಿಂಗೆ ಮಾಡಕ್ಕೆ ಬ್ಯಾರೆ ಬದುಕಿಲ್ವಾ? ವಯಸ್ಸಾದೋಳನ್ನ ಸೈಕಲ್ ಹತ್ತಿಸಿ ಕೈಕಾಲು ಮುರಿಸ್ತೀಯಾ?"

"ಅವ್ರೇ ಕೇಳಿದ್ರು ಅಮ್ಮಾ."

"ಕೇಳಿದ್ರೆ ಕೊಟ್ಬುಡ್ತೀಯಾ? ನಾಳೆ ಇಮಾನ ಕೇಳಿದ್ರೆ ಅದ್ನೂ ಬಾಡಿಗೆಗೆ ಬುಡು." ಆಮೇಲೆ ಅವರ ದನಿ ಇಳಿಯಿತು. "ನಾನ್ ಹೇಳಿವ್ನಲ್ಲ ಅವ್ಳಿಗೆ, ಮಗಾ ನಗ್ತಾ ಹೋಯ್ತು ಅಂತ. ಅಷ್ಟು ಸಾಲ್ದಾ? ಇಷ್ಟು ವರ್ಸ ಅದ್ರಲ್ಲೇ ಬದುಕಿವ್ಳೆ. ಈಗ್ಯಾಕೆ ಕೆದಕದು?"

"ನೀವು ನೋಡಿದ್ರಲ್ಲ ಅಮ್ಮಾ. ಹಂಗಿದ್ಮೇಲೆ ಅವ್ರು ನೋಡಿದ್ರೂ ಅದೇ ಕಾಣ್ತದಲ್ವಾ?"

ನಾನು ಸಮಾಧಾನಕ್ಕೆಂದು ಹೇಳಿದ್ದೆ. ಅವರ ಮುಖ ನೋಡಿದ ಮೇಲೆ, ಹೇಳಬಾರದ್ದನ್ನು ಹೇಳಿದೆನೇನೋ ಎನಿಸಿತು. ಅವರು ದೊಡ್ಡ ರಸ್ತೆಯ ಕಡೆಗೆ ಹೊರಟುಹೋದರು. ಅಂದು ನಾನು ಸರಿಯಾಗಿ ಊಟ ಮಾಡಲಿಲ್ಲ. ಕಲಿಸುವುದನ್ನು ನಿಲ್ಲಿಸಲೇ ಎಂದು ಯಜಮಾನರನ್ನು ಕೇಳಿದೆ. "ಕಲಿತು ಆಗೋಯ್ತಲ್ಲೇ. ಇನ್ನೇನು ನಿಲ್ಲಿಸ್ತೀಯ?" ಎಂದರು. ಅದೂ ನಿಜವಾಗಿತ್ತು. ಅಷ್ಟರಲ್ಲಿ ಹೊಂಬಾಳಮ್ಮ ನಾನು ಸೀಟು ಬಿಟ್ಟರೂ ಬೀಳದೆ ಗಿರಣಿಯವರೆಗೆ ಹೋಗತೊಡಗಿದ್ದರು.

ವೇಗ ಹಿಡಿಯುವುದು ಬೇರೆಯೇ ಕಲಿಕೆ. ಅದನ್ನು ಯಾರೂ ಹೇಳಿಕೊಡಲಾಗುವುದಿಲ್ಲ. ನಾನಂತೂ ಹೇಳಿಕೊಡಲಾರೆ. ಬಿದ್ದರೆ ಹಿಡಿಯೋಣವೆಂದು ಇನ್ನೊಂದು ಸೈಕಲ್ಲಿನಲ್ಲಿ ದಿನವೂ ಅವರ ಹಿಂದೆ ಹೋಗುತ್ತಿದ್ದೆ. ಒಂದು ಸಂಜೆ ಸ್ಕೂಲಿನ ಕಾಂಪೌಂಡು ದಾಟುವಾಗ ಹೊಂಬಾಳಮ್ಮನ ತಲೆ ಎಡಕ್ಕೆ ತಿರುಗಿತು. ತಿರುಗಿದ್ದು ಹಾಗೇ ಉಳಿಯಿತು. ಎದುರಿನಿಂದ ನಡೆದು ಬರುತ್ತಿದ್ದವರು ಅದನ್ನು ಕಂಡು ತಾವೇ ಸರಿದು ನಿಂತರು. ನಾನು ಎಡಕ್ಕೆ ನೋಡಿದೆ. ಹೊಂಗೆ ಮರ, ಜಲ್ಲಿಯ ರಾಶಿ, ಯಾರದೋ ಹಿತ್ತಲಿನಲ್ಲಿ ಒಣಗುತ್ತಿದ್ದ ಮೆಣಸಿನಕಾಯಿ. ಹೊಂಬಾಳಮ್ಮ ಸೇತುವೆಯವರೆಗೂ ಒಂದೇ ಸಮನೆ ತುಳಿದರು. ಅಲ್ಲಿ ಇಳಿದು, ಕಟ್ಟೆಯ ಮೇಲೆ ಕೂತು, ಬಹಳ ಹೊತ್ತು ಕೈಗಳನ್ನೇ ನೋಡಿಕೊಂಡರು.

"ಜಡೆ ಕಂಡೆ ಕಣವ್ವಾ," ಎಂದರು. "ನಾನೇ ಹೆಣೆದದ್ದು. ಅವಸರದಲ್ಲಿ ಒಂದು ಕಡೆ ಸಡಿಲ ಬುಟ್ಟಿವ್ನಿ. ಕನಕಾಂಬರ ಇನ್ನೂ ಬಾಡಿಲ್ಲ."

ಆಮೇಲೆ ದಿನವೂ ಬಂದರು. ಜ್ವರ ಇದ್ದರೂ ಬಂದರು. ಕಿಟಕಿ ತಪ್ಪಿದ ದಿನ ಮುಖ ಬಾಡಿಸಿಕೊಂಡು, ಸಿಕ್ಕಿದ ದಿನ ಏನೂ ಮಾತಾಡದೆ ಸೈಕಲ್ ಒಪ್ಪಿಸಿ ಹೋಗುವರು. ಹಿಂದೆ ಬೀಳುವ ಮಾತನ್ನು ಮಾತ್ರ ಎತ್ತುತ್ತಿರಲಿಲ್ಲ. ಬೇರೆ ತಾಯಂದಿರು ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತು, "ಒಂದ್ಸಲ ನೋಡ್ಬುಡಕ್ಕ, ಎದೆ ಹಗುರಾಯ್ತದೆ" ಎಂದು ಒತ್ತಾಯ ಮಾಡುವರು. "ಮಾಡ್ತೀನಿ, ಮಾಡ್ತೀನಿ. ಅವಸರ ಏನು, ಅವ್ಳೇನು ಓಡೋಯ್ತಾಳಾ?" ಎನ್ನುವರು. ಆಷಾಢ ಬಂತು, ಶ್ರಾವಣ ಬಂತು. ಗೌರಿ ಹಬ್ಬ ಹತ್ತಿರವಾಯಿತು. ಹಬ್ಬದ ಮೊರಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋಗುವವರು ಹೆಚ್ಚಾದರು. ಹೆಣ್ಣುಮಕ್ಕಳು ತವರಿಗೆ ಬಂದಿಳಿಯುವುದು ಈಗ ಬಸ್ಸಿನಲ್ಲಿ. ಆದರೂ ಆ ವಾರ ಕಂಬಿ ದಾರಿ ತುಂಬಿರುತ್ತದೆ.

ಗೌರಿ ಬಿಟ್ಟ ಮಾರನೆಯ ಸಂಜೆ ಹೊಂಬಾಳಮ್ಮ ಬಂದಾಗ ತಲೆಗೆ ಸ್ನಾನ ಮಾಡಿ, ಒಗೆದ ಸೀರೆ ಉಟ್ಟಿದ್ದರು. ನಾನು ಚಕ್ರದ ಗಾಳಿ ಒತ್ತಿ ನೋಡುತ್ತಿರುವಾಗ, ಅವರ ಹಿಂದೆಯೇ ಯಾರೋ ಪ್ಲಾಟ್‌ಫಾರಂ ಮೆಟ್ಟಿಲು ಹತ್ತಿ ಬಂದರು. ದೇವೀರಮ್ಮ. ಅವರನ್ನು ಅಲ್ಲಿ ನಾನು ಅದೇ ಮೊದಲು ಕಂಡದ್ದು. ಏದುಸಿರು ಬಿಡುತ್ತಿದ್ದರು.

"ಅತ್ಗೆ, ಇವತ್ತು ಬ್ಯಾಡ."

"ಯಾಕೆ ಬ್ಯಾಡ?"

"ಒಲೆ ಮೇಲೆ ಸಾರಿಟ್ಟು ಬಂದಿವ್ನಿ."

"ಸಾರು ಇಳುಗ್ಸೋಗು. ನಾನ್ ಬತ್ತೀನಿ."

"ಅತ್ಗೆ..."

"ದೇವೀರಿ, ಅದೇ ದಿವ್ಸ ಇವತ್ತು. ನೀನೇ ನನ್ ಭುಜ ಹಿಡ್ಕೊಂಡಿದ್ದು. ಈಗ್ಲೂ ಹಿಡ್ಕೊಬ್ಯಾಡ."

ದೇವೀರಮ್ಮ ಕೈ ಹಿಂದಕ್ಕೆ ತೆಗೆದುಕೊಂಡರು. ಅವರು ಕೈ ಚಾಚಿದ್ದೇ ಆಗ ನನ್ನ ಕಣ್ಣಿಗೆ ಬಿತ್ತು. ಹೊಂಬಾಳಮ್ಮ ಹತ್ತಿ ಕೂತು, ಪೆಡಲ್ ತುಳಿದು ಹೊರಟರು. ದೇವೀರಮ್ಮ ಬೆಂಚಿನ ಮೇಲೆ ಕೂತರು. ಅವರ ಜೊತೆ ಇರಬೇಕೋ, ಹೊಂಬಾಳಮ್ಮನ ಹಿಂದೆ ಹೋಗಬೇಕೋ ತಿಳಿಯದೆ ನಾನು ಒಂದು ಕ್ಷಣ ತಡೆದೆ. ಆಮೇಲೆ ಹೊರಟೆ.

ಅಂದು ಕಿಟಕಿ ಬೇಗನೇ ಸಿಕ್ಕಿತು. ಹಿತ್ತಲುಗಳ ಪಕ್ಕದಲ್ಲಿ ಹೋಗುವಾಗಲೇ ಅವರ ತಲೆ ತಿರುಗಿತ್ತು. ಸ್ಕೂಲು ದಾಟಿತು. ಅಕ್ಕಿ ಗಿರಣಿಯ ಉದ್ದ ಗೋಡೆ ಶುರುವಾಯಿತು. ಗೋಡೆಯ ಅರ್ಧಕ್ಕೆ ಬಂದಾಗ ಹೊಂಬಾಳಮ್ಮ ತುಳಿಯುವುದನ್ನು ನಿಲ್ಲಿಸಿದರು. ಬ್ರೇಕು ಹಿಡಿಯಲಿಲ್ಲ. ಸೈಕಲ್ ತನ್ನಷ್ಟಕ್ಕೆ ಸದ್ದಿಲ್ಲದೆ ಉರುಳಿ ನಿಧಾನವಾಯಿತು. ಎಡಕ್ಕೆ ತಿರುಗಿದ್ದ ಅವರ ತಲೆ ಮೆಲ್ಲಗೆ ಮುಂದಕ್ಕೆ, ದೂರ ಹೋಗುವ ಏನನ್ನೋ ಹಿಂಬಾಲಿಸುವಂತೆ ತಿರುಗಿತು. ಕಾಲು ನೆಲಕ್ಕೂರಿದರು. ನಾನೂ ದೂರದಲ್ಲೇ ಇಳಿದೆ. ನನಗೆ ಕಾಣುತ್ತಿದ್ದದ್ದು ಅವರ ಬೆನ್ನು, ಒದ್ದೆ ಕೂದಲಿನ ಗಂಟು ಅಷ್ಟೇ. ಅವರು ಅಳಲಿಲ್ಲ, ಕೂಗಲಿಲ್ಲ, ಕೈ ಎತ್ತಲಿಲ್ಲ. ಹ್ಯಾಂಡಲ್ ಹಿಡಿದು ನಿಂತೇ ಇದ್ದರು. ಕಾಣುವಷ್ಟು ಹೊತ್ತು ಕಂಡಿದ್ದು ಮುಗಿದು ಎಷ್ಟೋ ಹೊತ್ತಾದ ಮೇಲೂ ಮುಂದಕ್ಕೆ ನೋಡುತ್ತಲೇ ಇದ್ದರು.

ಹಿಂತಿರುಗುವಾಗ ಹತ್ತಲಿಲ್ಲ, ಸೈಕಲ್ ತಳ್ಳಿಕೊಂಡು ನಡೆದರು. ನಾನೂ ತಳ್ಳಿಕೊಂಡು ಪಕ್ಕದಲ್ಲಿ ನಡೆದೆ. ಮುಖ ನೋಡಬಾರದೆಂದು ನೆಲ ನೋಡುತ್ತಿದ್ದೆ. ಅರ್ಧ ದಾರಿಯಲ್ಲಿ, "ಹಿಂದಿನ ಚಕ್ರಕ್ಕೆ ಗಾಳಿ ಕಮ್ಮಿ ಅನ್ಸುತ್ತೆ ಕಣವ್ವಾ, ನೋಡ್ಸು" ಎಂದರು. ದನಿ ಎಂದಿನ ಹಾಗೇ ಇತ್ತು.

ದೇವೀರಮ್ಮ ಬೆಂಚಿನಲ್ಲೇ ಇದ್ದರು. ನಮ್ಮನ್ನು ಕಂಡು ಎದ್ದರು. "ಕಂಡ್ಳಾ?" ಎಂದರು.

ಹೊಂಬಾಳಮ್ಮ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದರು. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. "ಕಂಡ್ಳು. ನೀನ್ ಹೇಳ್ದಂಗೇ ಕಣೆ. ನಗ್ತಿದ್ಲು. ಕೈ ಬೀಸ್ತಿದ್ಲು."

ದೇವೀರಮ್ಮ ಹಾಗೇ ನೆಲಕ್ಕೆ ಕೂತುಬಿಟ್ಟರು. ಅವರು ಅತ್ತ ರೀತಿಗೆ ಆಚೆ ಬೆಂಚಿನಲ್ಲಿದ್ದ ಹೆಂಗಸರು ಎದ್ದು ಬಂದರು. ಮಾಯಿಗಪ್ಪ ನಡೆಯುವುದನ್ನು ನಿಲ್ಲಿಸಿ ನಿಂತರು. ಅಳುವಿನ ನಡುವೆ ಅವರು ಹೇಳಿದ್ದು ನನಗೆ ಪೂರ್ತಿ ಕೇಳಿಸಿತು, ಹತ್ತಿರವೇ ಇದ್ದೆನಲ್ಲ.

"ನಾನ್ ನೋಡೇ ಇರ್ಲಿಲ್ಲ ಅತ್ಗೆ. ಅವ್ಳು ಅವ್ವಾ ಅಂತ ಕೂಗಿದ್ದು ನಂಗೂ ಕೇಳಿಸ್ತು. ಯಾಕೋ ಎದೆ ಝಲ್ ಅಂತು. ನಿನ್ ಭುಜ ಹಿಡ್ಕೊಂಡೇ ಕಣ್ ಮುಚ್ಕೊಂಬುಟ್ಟೆ. ನೀನು ತಿರುಗ್ಬಾರ್ದು ಅಂತ ಬಾಯಿಗ್ ಬಂದದ್ ಹೇಳ್ಬುಟ್ಟೆ. ನಗೋದೂ ನೋಡ್ಲಿಲ್ಲ, ಕೈ ಬೀಸೋದೂ ನೋಡ್ಲಿಲ್ಲ. ಇಷ್ಟು ವರ್ಸ ನಿನ್ ಮುಂದೆ ಕೂತು ಉಂಡಿವ್ನಿ ಅತ್ಗೆ."

ಹೊಂಬಾಳಮ್ಮ ಏನನ್ನುವರೋ ಎಂದು ನಾನು ಹ್ಯಾಂಡಲ್ ಬಿಗಿಯಾಗಿ ಹಿಡಿದುಕೊಂಡಿದ್ದೆ. ಅವರು ನಾದಿನಿಯನ್ನು ಸ್ವಲ್ಪ ಹೊತ್ತು ನೋಡಿದರು. ಆ ನೋಟದಲ್ಲಿ ಸಿಟ್ಟಿತ್ತೋ ಕರುಣೆಯಿತ್ತೋ ನನಗೆ ಹೇಳಲು ಬಾರದು. ಆಮೇಲೆ ಮಂಡಿ ಹಿಡಿದುಕೊಂಡು ಬಗ್ಗಿ, ದೇವೀರಮ್ಮನ ತೋಳಿಗೆ ಕೈ ಹಾಕಿದರು.

"ನೀನ್ ನೋಡ್ದಿದ್ರೆ ಏನಂತೆ, ನಾನ್ ನೋಡಿದ್ನಲ್ಲ. ಏಳು. ಸಾರು ಸೀದೋಗಿರ್ತದೆ."

ಇಬ್ಬರೂ ಕಂಬಿ ದಾರಿಯಲ್ಲೇ ನಡೆದುಕೊಂಡು ಮನೆಗೆ ಹೋದರು. ದೇವೀರಮ್ಮ ಹಳದಿ ಗೆರೆಯನ್ನು ಬಿಟ್ಟು, ಬೇಲಿಯ ಅಂಚಿಗೇ ಸರಿದು ನಡೆಯುತ್ತಿದ್ದರು.

ಹೊಂಬಾಳಮ್ಮ ಮರುದಿನವೂ ಬಂದರು. ಈಗಲೂ ಬರುತ್ತಾರೆ. ಅವರಿಗೊಂದು ಸೈಕಲ್ ತೆಗೆದಿಟ್ಟಿರುತ್ತೇನೆ. ಸ್ಕೂಲು ದಾಟುವ ಹೊತ್ತಿಗೆ ತಲೆ ಎಡಕ್ಕೆ ತಿರುಗುತ್ತದೆ. ಸೇತುವೆಯವರೆಗೂ ಹಾಗೇ ಹೋಗಿ ಬರುತ್ತಾರೆ. ಆ ಸಂಜೆಯ ಮೇಲೆ ಅವರು ಇನ್ನೊಮ್ಮೆ ಹಿಂದೆ ಬಿದ್ದಿಲ್ಲ. ಗಿರಣಿಯ ಗೋಡೆ ಬಂದಾಗ ಉಳಿದ ತಾಯಂದಿರು ವರ್ಷಕ್ಕೊಮ್ಮೆಯಾದರೂ ನಿಧಾನ ಮಾಡುತ್ತಾರೆ. ಇವರು ಅಲ್ಲಿ ಇನ್ನೂ ಜಾಗರೂಕತೆಯಿಂದ ವೇಗ ಕಾಯ್ದುಕೊಂಡು, ಜಡೆಯ ಜೊತೆಗೇ ಉಳಿಯುತ್ತಾರೆ. ಮುಖ ನಗುತ್ತಿದ್ದರೆ ಮತ್ತೆ ಮತ್ತೆ ನೋಡಬೇಕೆನಿಸುವುದಿಲ್ಲವೇ ಎಂದು ಒಮ್ಮೊಮ್ಮೆ ಅಂದುಕೊಳ್ಳುತ್ತೇನೆ. ಒಂದು ಸಲ ನೋಡಿದ್ದೇ ಸಾಕಾಯಿತು, ಎದೆ ತುಂಬಿತು ಎಂದೂ ಇರಬಹುದಲ್ಲ ಎಂದು ಇನ್ನೊಮ್ಮೆ ಅನ್ನಿಸುತ್ತದೆ. ಯಜಮಾನರನ್ನು ಕೇಳಿದರೆ, ನಿನಗ್ಯಾಕೆ ಅದು ಎನ್ನುತ್ತಾರೆ. ಮಾಯಿಗಪ್ಪನವರಿಗೂ ಗೊತ್ತಿಲ್ಲ. ದೇವೀರಮ್ಮ ಕೇಳುವುದಿಲ್ಲ. ಅವರಿಗೆ ಬೇಕಾದರೆ ಸೈಕಲ್ ಕಲಿತು ತಾವೇ ನೋಡಬಹುದು. ಅವರೂ ಆ ದಿನ ಹುಡುಗಿಯನ್ನು ಹತ್ತಿಸಿ ಕಳಿಸಿದವರೇ. ಕಲಿಸಲೇ ಎಂದು ನಾನು ಒಮ್ಮೆ ಕೇಳಿದೆ. ಬೇಡ ಕಣವ್ವ ಎಂದರು.

ಅಂದು ಗಿರಣಿಯ ಗೋಡೆಯ ಹತ್ತಿರ ಹೊಂಬಾಳಮ್ಮ ಕಂಡ ಮುಖ ನಗುತ್ತಿತ್ತೇ ಇಲ್ಲವೇ, ಹುಡುಗಿ ಕೂಗಿದ್ದು ಯಾಕೆ, ಇವು ನನಗೆ ಗೊತ್ತಿಲ್ಲ. ದಿನವೂ ಸೈಕಲ್ ಕೊಟ್ಟು ತೆಗೆದುಕೊಳ್ಳುವಾಗ ಅವರನ್ನು ನೋಡುತ್ತೇನೆ. ಕೇಳಿಲ್ಲ.